ಆಕ್ಸಿಮೀಟರಿನ 98 ಮತ್ತು ರಕ್ತದ ವರದಿಯ 7

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು.

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಈಚೆಗೆ ಬಂದ ಆರೋಗ್ಯ ಲೇಖನವೊಂದರಲ್ಲಿ, ಮನೆಯಲ್ಲಿ ಆಕ್ಸಿಮೀಟರ್ ಇಟ್ಟುಕೊಂಡು ಆಗಾಗ ಬೆರಳಿಗೆ ಸಿಕ್ಕಿಸಿ ನೋಡಿಕೊಳ್ಳುವವರು 95ಕ್ಕಿಂತ ಹೆಚ್ಚಿನ ಅಂಕಿ ಕಂಡರೆ ರಕ್ತಹೀನತೆಯ ಬಗ್ಗೆ ಚಿಂತಿಸಬೇಕಾಗಿಲ್ಲ ಎಂಬ ಮಾತಿದೆ. ಅದೇ ಲೇಖನದ ಕೊನೆಯಲ್ಲಿ, ದಿನಕ್ಕೆ ಎರಡು ಹೊತ್ತು ದೀರ್ಘವಾಗಿ ಉಸಿರೆಳೆದುಕೊಂಡರೆ ರಕ್ತದಲ್ಲಿ ಆಮ್ಲಜನಕ ಹೆಚ್ಚಿ ಆಯಾಸ ಕಳೆಯುತ್ತದೆ ಎಂದೂ ಹೇಳಲಾಗಿದೆ. ಲೇಖನದ ಉಳಿದ ಭಾಗ ತಿಳಿಯಾಗಿದೆ, ಓದಿಸಿಕೊಂಡು ಹೋಗುತ್ತದೆ. ಆ ಬಗ್ಗೆ ನನ್ನ ತಕರಾರಿಲ್ಲ. ಆದರೆ ಈ ಎರಡು ಮಾತುಗಳೂ ತಪ್ಪು, ಮತ್ತು ಮೊದಲನೆಯದು ಜೀವಕ್ಕೆ ಎರವಾಗಬಲ್ಲ ತಪ್ಪು. ಮುಂಬಯಿಯಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಬಹಳ ವರ್ಷ ಶರೀರಕ್ರಿಯಾಶಾಸ್ತ್ರ ಕಲಿಸಿ ನಿವೃತ್ತಳಾದ ನಾನು, ನಮ್ಮ ಕನ್ನಡ ಸಂಘಗಳ ಉಚಿತ ಆರೋಗ್ಯ ತಪಾಸಣಾ ಶಿಬಿರಗಳಲ್ಲಿಯೂ ಇದೇ ತಪ್ಪು ಮೇಜಿನಿಂದ ಮೇಜಿಗೆ ಹರಡುತ್ತಿರುವುದನ್ನು ನೋಡಿದ್ದೇನೆ. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ. ಸ್ಥಳಾಭಾವವಿದ್ದರೆ ತಾವು ಎರಡು ಕಂತುಗಳಲ್ಲಿ ಪ್ರಕಟಿಸಿದರೂ ಸರಿ.

ಆಮ್ಲಜನಕ ನೀರಿನಲ್ಲಿ ಬಹಳ ಕಡಿಮೆ ಕರಗುವ ಅನಿಲ. ರಕ್ತದ ದ್ರವಭಾಗದಲ್ಲಿ ಅದು ತಾನಾಗಿ ಕರಗಿ ನಿಲ್ಲುವುದು 100 ಮಿಲಿಲೀಟರಿಗೆ ಸುಮಾರು 0.3 ಮಿಲಿಲೀಟರ್ ಮಾತ್ರ. ಸುಮ್ಮನೆ ಕುಳಿತಿರುವ ವಯಸ್ಕರ ದೇಹಕ್ಕೂ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಆಮ್ಲಜನಕ ಬೇಕು, ಮತ್ತು ಹೃದಯ ನಿಮಿಷಕ್ಕೆ ಪಂಪು ಮಾಡುವುದು ಸುಮಾರು 5 ಲೀಟರ್ ರಕ್ತವನ್ನು. ಕರಗಿದ ಆಮ್ಲಜನಕವನ್ನೇ ನಂಬಿದ್ದರೆ ಆ 5 ಲೀಟರಿನಲ್ಲಿ ಸಿಗುತ್ತಿದ್ದುದು ಕೇವಲ 15 ಮಿಲಿಲೀಟರ್. ಬದುಕಬೇಕೆಂದರೆ ಹೃದಯ ನಿಮಿಷಕ್ಕೆ 80 ಲೀಟರಿಗೂ ಹೆಚ್ಚು ರಕ್ತವನ್ನು ತಳ್ಳಬೇಕಾಗುತ್ತಿತ್ತು. ಯಾವ ಹೃದಯಕ್ಕೂ ಅದು ಸಾಧ್ಯವಿಲ್ಲ. ಈ ಕೊರತೆಯನ್ನು ತುಂಬುವುದೇ ಕೆಂಪು ರಕ್ತಕಣಗಳಲ್ಲಿರುವ ಹಿಮೋಗ್ಲೋಬಿನ್ ಎಂಬ ಪ್ರೋಟೀನು; ಅದು ಕಡಿಮೆಯಾಗುವುದೇ ರಕ್ತಹೀನತೆ. ಒಂದು ಗ್ರಾಂ ಹಿಮೋಗ್ಲೋಬಿನ್ ಪೂರ್ತಿ ತುಂಬಿಕೊಂಡಾಗ ಸುಮಾರು 1.34 ಮಿಲಿಲೀಟರ್ ಆಮ್ಲಜನಕವನ್ನು ಹೊರುತ್ತದೆ. ರಕ್ತದ ವರದಿಯಲ್ಲಿ ಹಿಮೋಗ್ಲೋಬಿನ್ 15 ಎಂದಿದ್ದರೆ 100 ಮಿಲಿಲೀಟರ್ ರಕ್ತದಲ್ಲಿ ಅದು 15 ಗ್ರಾಂ ಇದೆ ಎಂದರ್ಥ. ಅಷ್ಟು ರಕ್ತ ಸುಮಾರು 20 ಮಿಲಿಲೀಟರ್ ಆಮ್ಲಜನಕವನ್ನು ಒಯ್ಯುತ್ತದೆ. ತಾನಾಗಿ ಕರಗುವುದಕ್ಕಿಂತ ಅರವತ್ತು ಪಟ್ಟಿಗೂ ಮಿಗಿಲು.

ಒಂದೊಂದು ಕೆಂಪು ರಕ್ತಕಣದಲ್ಲಿಯೂ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳಿರುತ್ತವೆ. ಪ್ರತಿ ಅಣುವಿನಲ್ಲಿ ನಾಲ್ಕು ಪ್ರೋಟೀನು ಸರಪಳಿಗಳು: 141 ಅಮೈನೋ ಆಮ್ಲಗಳ ಎರಡು ಆಲ್ಫಾ, 146 ಅಮೈನೋ ಆಮ್ಲಗಳ ಎರಡು ಬೀಟಾ. ಪ್ರತಿ ಸರಪಳಿಯ ಮಡಿಕೆಯೊಳಗೆ ಹೀಮ್ ಎಂಬ ಚಪ್ಪಟೆಯಾದ ರಚನೆಯೊಂದು ಹುದುಗಿದ್ದು, ಅದರ ನಡುವೆ ಒಂದೇ ಒಂದು ಕಬ್ಬಿಣದ ಪರಮಾಣು ಇರುತ್ತದೆ. ಆಮ್ಲಜನಕ ಬಂದು ಹಿಡಿದುಕೊಳ್ಳುವುದು ಆ ಕಬ್ಬಿಣವನ್ನು. ಹೀಗೆ ಅಣುವೊಂದಕ್ಕೆ ನಾಲ್ಕು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಬಯಲಿನಲ್ಲಿ ಬಿಟ್ಟ ಕಬ್ಬಿಣ ಆಮ್ಲಜನಕದೊಡನೆ ಸೇರಿ ತುಕ್ಕಾಗುತ್ತದೆ, ಮತ್ತೆ ಬಿಟ್ಟುಕೊಡುವುದಿಲ್ಲ. ಹಿಮೋಗ್ಲೋಬಿನ್ನಿನ ಕಬ್ಬಿಣವಾದರೋ ಪ್ರೋಟೀನಿನ ಮಡಿಕೆಯ ರಕ್ಷಣೆಯಲ್ಲಿರುವುದರಿಂದ ತುಕ್ಕಾಗದೆ, ಆಮ್ಲಜನಕವನ್ನು ಹಿಡಿಯುವುದಕ್ಕೂ ಬಿಡುವುದಕ್ಕೂ ಸಿದ್ಧವಾಗಿರುತ್ತದೆ. ಹಿಡಿಯುವಷ್ಟೇ ಬಿಡುವುದೂ ಮುಖ್ಯ ಎಂಬುದನ್ನು ನಮ್ಮ ಆರೋಗ್ಯ ಬರಹಗಳು ಸಾಮಾನ್ಯವಾಗಿ ಮರೆಯುತ್ತವೆ.

ಹಿಡಿಯುವ ಮತ್ತು ಬಿಡುವ ಈ ಗುಟ್ಟು ಬಯಲಾದ ಕಥೆ ದೀರ್ಘವಾದದ್ದು. 1938ರಲ್ಲಿ ಪ್ರಾಗ್ ನಗರದ ಫೆಲಿಕ್ಸ್ ಹೌರೊವಿಟ್ಜ್, ಆಮ್ಲಜನಕವಿಲ್ಲದ ಹಿಮೋಗ್ಲೋಬಿನ್ನಿನ ಹರಳುಗಳು ಗಾಳಿ ತಾಗಿದೊಡನೆ ತಮ್ಮ ರೂಪವನ್ನೇ ಬದಲಿಸುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಆಮ್ಲಜನಕ ಸುಮ್ಮನೆ ಬಂದು ಅಂಟಿಕೊಳ್ಳುವುದಷ್ಟೇ ಆಗಿದ್ದರೆ ಹರಳಿನ ರೂಪವೇಕೆ ಬದಲಾಗಬೇಕು? ವಿಯೆನ್ನಾದಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ನೆಲೆಸಿದ ಮ್ಯಾಕ್ಸ್ ಪೆರುಟ್ಜ್ 1937ರಿಂದಲೇ ಈ ಅಣುವಿನ ಹಿಂದೆ ಬಿದ್ದವರು; ಕ್ಷ-ಕಿರಣಗಳ ಸಹಾಯದಿಂದ ಅದರ ರಚನೆಯನ್ನು ಬಿಡಿಸಲು ಅವರಿಗೆ 1959ರವರೆಗೆ ಕಾಯಬೇಕಾಯಿತು. 1962ರ ರಸಾಯನಶಾಸ್ತ್ರದ ನೊಬೆಲ್ ಅವರಿಗೂ, ಸ್ನಾಯುಗಳಲ್ಲಿರುವ ಮಯೋಗ್ಲೋಬಿನ್ನಿನ ರಚನೆಯನ್ನು ಕಂಡುಹಿಡಿದ ಜಾನ್ ಕೆಂಡ್ರೂ ಅವರಿಗೂ ಒಟ್ಟಿಗೆ ಸಂದಿತು. ಪೆರುಟ್ಜ್ ಮುಂದೆ ತೋರಿಸಿಕೊಟ್ಟದ್ದು ಇದು: ಆಮ್ಲಜನಕವಿಲ್ಲದಾಗ ಕಬ್ಬಿಣದ ಪರಮಾಣು ಹೀಮ್‌ನ ಸಮತಲದಿಂದ ತುಸು ಹೊರಗಿರುತ್ತದೆ, ಆಮ್ಲಜನಕ ಸೇರಿದಾಗ ಒಳಕ್ಕೆ ಸರಿಯುತ್ತದೆ, ಸರಿಯುವಾಗ ತನಗಂಟಿದ ಸರಪಳಿಯನ್ನೂ ಎಳೆಯುತ್ತದೆ, ಆ ಎಳೆತ ಇಡೀ ಅಣುವಿಗೆ ಹಬ್ಬಿ, ಸರಪಳಿಗಳ ಒಂದು ಜೋಡಿ ಇನ್ನೊಂದರ ಮೇಲೆ ಸುಮಾರು 15 ಡಿಗ್ರಿಯಷ್ಟು ತಿರುಗುತ್ತದೆ. ಹೀಗೆ ತಿರುಗಿದ ಅಣುವಿಗೆ ಮುಂದಿನ ಆಮ್ಲಜನಕವನ್ನು ಹಿಡಿಯುವುದು ಮೊದಲಿಗಿಂತ ಸುಲಭ. ಬಿಡುವಾಗಲೂ ಅಷ್ಟೇ: ಒಂದು ಹೊರಟಿತೆಂದರೆ ಉಳಿದವುಗಳ ಹಿಡಿತ ಸಡಿಲವಾಗುತ್ತದೆ.

ಇದರ ಫಲವನ್ನು ಅಂಕಿಗಳಲ್ಲಿ ನೋಡಿದರೆ ಪ್ರಕೃತಿಯ ಲೆಕ್ಕಾಚಾರಕ್ಕೆ ಬೆರಗಾಗಬೇಕು. ಶ್ವಾಸಕೋಶದ ಗಾಳಿಗೂಡುಗಳಲ್ಲಿ ಆಮ್ಲಜನಕದ ಒತ್ತಡ ಪಾದರಸದ ಸುಮಾರು 100 ಮಿಲಿಮೀಟರ್. ಅಲ್ಲಿ ಹಿಮೋಗ್ಲೋಬಿನ್ ಶೇಕಡಾ 97–98ರಷ್ಟು ತುಂಬುತ್ತದೆ. ಒತ್ತಡ 60ಕ್ಕೆ ಇಳಿದರೂ ಅದು ಶೇಕಡಾ 90ರಷ್ಟು ತುಂಬಿಯೇ ಇರುತ್ತದೆ. ಅಂದರೆ ಹಿಡಿಯುವ ಜಾಗದಲ್ಲಿ ಸ್ವಲ್ಪ ಏರುಪೇರಾದರೂ ದೊಡ್ಡ ನಷ್ಟವಿಲ್ಲ. ಅದೇ, ದೇಹದ ಅಂಗಾಂಶಗಳಲ್ಲಿ ಒತ್ತಡ 40ರ ಆಸುಪಾಸಿಗೆ ಬಂದಾಗ ಅದು ಶೇಕಡಾ 75ಕ್ಕೆ ಇಳಿಯುತ್ತದೆ. ದುಡಿಯುತ್ತಿರುವ ಸ್ನಾಯುವಿನಲ್ಲಿ ಒತ್ತಡ ಇನ್ನೂ ಬಿದ್ದು 20ರ ಹತ್ತಿರ ಬಂದಾಗ ಮೂರನೇ ಒಂದಷ್ಟು ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ಬಿಟ್ಟುಕೊಡುತ್ತದೆ. ಎಲ್ಲಿ ಹೆಚ್ಚು ಬೇಕೋ ಅಲ್ಲಿ ಹೆಚ್ಚು. ಹೀಗಾಗಿ ವಿಶ್ರಾಂತಿಯಲ್ಲಿರುವ ದೇಹ ತನಗೆ ಬಂದ ಆಮ್ಲಜನಕದ ನಾಲ್ಕನೇ ಒಂದು ಪಾಲನ್ನು ಮಾತ್ರ ಬಳಸುತ್ತದೆ, ಉಳಿದ ಮುಕ್ಕಾಲು ಪಾಲು ಹೃದಯಕ್ಕೆ ಹಿಂತಿರುಗುತ್ತದೆ. ಈ ಮುಕ್ಕಾಲು ಪಾಲು ನಮ್ಮ ಮೀಸಲು ನಿಧಿ. ರಕ್ತಹೀನತೆಯಿರುವವರು ಬಹಳ ಕಾಲ ಏನೂ ಆಗಿಲ್ಲವೆಂಬಂತೆ ಓಡಾಡಿಕೊಂಡಿರುವುದು ಈ ನಿಧಿಯನ್ನು ದಿನವೂ ಕರಗಿಸಿಕೊಂಡು.

ಸ್ನಾಯುವಿಗೆ ಇನ್ನೊಂದು ಅನುಕೂಲವೂ ಇದೆ. ದುಡಿಯುವ ಜಾಗದಲ್ಲಿ ಇಂಗಾಲದ ಡೈಆಕ್ಸೈಡ್, ಆಮ್ಲ ಮತ್ತು ಶಾಖ ಮೂರೂ ಹೆಚ್ಚುತ್ತವೆ. ಈ ಮೂರೂ ಹಿಮೋಗ್ಲೋಬಿನ್ನಿನ ಹಿಡಿತವನ್ನು ಸಡಿಲಿಸುತ್ತವೆ. ಇಂಗಾಲದ ಡೈಆಕ್ಸೈಡಿನ ಈ ಪ್ರಭಾವವನ್ನು 1904ರಲ್ಲಿ ತೋರಿಸಿದವರು ಡೆನ್ಮಾರ್ಕಿನ ಕ್ರಿಸ್ಚಿಯನ್ ಬೋರ್. ಪರಮಾಣುವಿನ ರಚನೆಗೆ ಹೆಸರಾದ ನೀಲ್ಸ್ ಬೋರ್ ಅವರ ತಂದೆ. ಕೆಂಪು ಕಣಗಳೊಳಗೆ ತಯಾರಾಗುವ ಬಿಸ್‌ಫಾಸ್ಫೋಗ್ಲಿಸರೇಟ್ ಎಂಬ ಸಣ್ಣ ರಾಸಾಯನಿಕವೂ ಇದೇ ಕೆಲಸ ಮಾಡುತ್ತದೆ. ರಕ್ತಹೀನತೆಯಲ್ಲಿ ಮತ್ತು ಎತ್ತರದ ಪ್ರದೇಶಗಳಲ್ಲಿ ಅದರ ಪ್ರಮಾಣ ಹೆಚ್ಚುವುದರಿಂದ, ಇರುವ ಹಿಮೋಗ್ಲೋಬಿನ್ ಹೆಚ್ಚು ಧಾರಾಳವಾಗಿ ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. ಗರ್ಭದಲ್ಲಿರುವ ಮಗುವಿನ ಹಿಮೋಗ್ಲೋಬಿನ್ ಬೇರೆಯದು. ಬೀಟಾದ ಬದಲು ಗಾಮಾ ಸರಪಳಿಗಳಿರುವ ಅದು ಈ ರಾಸಾಯನಿಕಕ್ಕೆ ಅಷ್ಟಾಗಿ ಬಗ್ಗುವುದಿಲ್ಲವಾದ್ದರಿಂದ ತಾಯಿಯ ರಕ್ತದಿಂದ ಆಮ್ಲಜನಕವನ್ನು ಸೆಳೆದುಕೊಳ್ಳಬಲ್ಲದು.

ಇಷ್ಟನ್ನು ಹಿನ್ನೆಲೆಯಾಗಿ ಇಟ್ಟುಕೊಂಡು ಆಕ್ಸಿಮೀಟರಿಗೆ ಬರುತ್ತೇನೆ. ಆಮ್ಲಜನಕ ತುಂಬಿದ ಹಿಮೋಗ್ಲೋಬಿನ್ ಕೆಂಪಗೆ ಹೊಳೆಯುತ್ತದೆ, ಬಿಟ್ಟುಕೊಟ್ಟದ್ದು ಕಡುಗೆಂಪಾಗುತ್ತದೆ. ಕೆಂಪು ಬೆಳಕನ್ನೂ ಅವಗೆಂಪು ಬೆಳಕನ್ನೂ ಬೆರಳಿನ ಮೂಲಕ ಹಾಯಿಸಿ, ನಾಡಿಯ ಬಡಿತದೊಡನೆ ಏರಿಳಿಯುವ ಭಾಗವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡು, ಈ ಎರಡು ಬಗೆಯ ಹಿಮೋಗ್ಲೋಬಿನ್ನಿನ ಅನುಪಾತವನ್ನು ಅಳೆಯಬಹುದೆಂದು 1970ರ ದಶಕದ ಆರಂಭದಲ್ಲಿ ಕಂಡುಕೊಂಡವರು ಜಪಾನಿನ ತಕುವೊ ಅವೊಯಾಗಿ. ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿದ್ದ ಆ ಉಪಕರಣ 2020 ಮತ್ತು 2021ರ ಕೋವಿಡ್ ದಿನಗಳಲ್ಲಿ ನಮ್ಮ ಮನೆಗಳ ಔಷಧಿ ಡಬ್ಬಿಗೆ ಬಂತು, ಅನೇಕರ ಜೀವವನ್ನೂ ಉಳಿಸಿತು. ಅದು ಕೆಟ್ಟ ಉಪಕರಣವೆಂದು ನಾನು ಹೇಳುತ್ತಿಲ್ಲ. ಅದು ಹೇಳುವುದು ಅನುಪಾತವನ್ನು, ಪ್ರಮಾಣವನ್ನಲ್ಲ. ಮುಂಬಯಿಯವರಿಗೆ ಇದನ್ನು ಲೋಕಲ್ ಗಾಡಿಯ ಉದಾಹರಣೆಯಿಂದ ಹೇಳುವುದು ಸುಲಭ: ಗಾಡಿಯ ನೂರರಲ್ಲಿ 98 ಸೀಟುಗಳು ತುಂಬಿವೆ ಎಂದು ಆಕ್ಸಿಮೀಟರ್ ಹೇಳುತ್ತದೆ, ಆದರೆ ಆ ಗಾಡಿಗೆ ಹನ್ನೆರಡು ಡಬ್ಬಿಗಳಿವೆಯೋ ಆರೇ ಡಬ್ಬಿಗಳಿವೆಯೋ ಎಂಬುದನ್ನು ಹೇಳುವುದಿಲ್ಲ. ಅದನ್ನು ಹೇಳುವುದು ರಕ್ತಪರೀಕ್ಷೆ.

ಲೆಕ್ಕವನ್ನೇ ಮಾಡಿ ನೋಡೋಣ. ಹಿಮೋಗ್ಲೋಬಿನ್ 7 ಇರುವ ಮಹಿಳೆಯೊಬ್ಬರ ಶ್ವಾಸಕೋಶ ಆರೋಗ್ಯವಾಗಿದ್ದರೆ ಅವರ ಬೆರಳಿನಲ್ಲಿ ಆಕ್ಸಿಮೀಟರ್ 98 ತೋರಿಸುತ್ತದೆ. ಅವರ 100 ಮಿಲಿಲೀಟರ್ ರಕ್ತ ಹೊರುತ್ತಿರುವ ಆಮ್ಲಜನಕ ಸುಮಾರು 9 ಮಿಲಿಲೀಟರ್. ಹಿಮೋಗ್ಲೋಬಿನ್ 15 ಇರುವ ಒಬ್ಬರಿಗೆ ನ್ಯುಮೋನಿಯಾ ಬಂದು ಆಕ್ಸಿಮೀಟರ್ 80ಕ್ಕೆ ಇಳಿದಿದ್ದರೆ, ಅವರ ಅಷ್ಟೇ ರಕ್ತ ಹೊರುವುದು ಸುಮಾರು 16 ಮಿಲಿಲೀಟರ್. ಎರಡನೆಯವರನ್ನು ನಾವು ತಕ್ಷಣ ಆಂಬುಲೆನ್ಸಿನಲ್ಲಿ ಒಯ್ಯುತ್ತೇವೆ, ಒಯ್ಯಲೇಬೇಕು, ಏಕೆಂದರೆ ಅವರ ಶ್ವಾಸಕೋಶ ಇನ್ನೂ ಕೆಡುತ್ತಿದೆ. ಮೊದಲನೆಯವರಿಗೆ ಮಾತ್ರ ಎಲ್ಲ ಸರಿಯಾಗಿದೆ ಎಂದು ಹೇಳಿ ಮನೆಗೆ ಕಳುಹಿಸುತ್ತೇವೆ. ತಮ್ಮ ಲೇಖನದ ಆ ಒಂದು ವಾಕ್ಯ ಮಾಡುವುದೂ ಇದನ್ನೇ. ಇಂಥವರಿಗೆ ಶುದ್ಧ ಆಮ್ಲಜನಕದ ಸಿಲಿಂಡರ್ ಹಚ್ಚಿದರೂ ಹೆಚ್ಚುವುದು ಕರಗಿದ ಪಾಲು ಮಾತ್ರ, ಅಂದರೆ 100 ಮಿಲಿಲೀಟರಿಗೆ ಸುಮಾರು 2 ಮಿಲಿಲೀಟರ್. ಡಬ್ಬಿಗಳು ಹೆಚ್ಚದೆ ಗಾಡಿ ದೊಡ್ಡದಾಗುವುದಿಲ್ಲ.

ದೀರ್ಘ ಉಸಿರಾಟದ ಮಾತಿಗೂ ಉತ್ತರ ಇದರಲ್ಲೇ ಇದೆ. ಆರೋಗ್ಯವಂತರ ಹಿಮೋಗ್ಲೋಬಿನ್ ಸಾಧಾರಣ ಉಸಿರಾಟದಲ್ಲಿಯೇ ಶೇಕಡಾ 97–98ರಷ್ಟು ತುಂಬಿರುವಾಗ, ಎಷ್ಟು ಎಳೆದರೂ ತುಂಬಲು ಉಳಿದಿರುವ ಜಾಗ ಎರಡು ಮೂರು ಪಾಲು ಮಾತ್ರ. ಅತಿಯಾಗಿ ರಭಸದಿಂದ ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಹೊರಹೋಗಿ, ಮಿದುಳಿನ ರಕ್ತನಾಳಗಳು ಕುಗ್ಗಿ ತಲೆ ತಿರುಗುತ್ತದೆ. ಪ್ರಾಣಾಯಾಮದಿಂದ ಮನಸ್ಸಿಗೆ ನೆಮ್ಮದಿ ಸಿಗುತ್ತದೆ ಎನ್ನುವವರೊಡನೆ ನನ್ನ ಜಗಳವಿಲ್ಲ; ನಾನೂ ಮಾಡುತ್ತೇನೆ. ಅದರಿಂದ ರಕ್ತಹೀನತೆ ಗುಣವಾಗುವುದಿಲ್ಲ ಎಂದಷ್ಟೇ ನನ್ನ ಮಾತು.

ಆಕ್ಸಿಮೀಟರ್ ಮೋಸಹೋಗುವ ಇನ್ನೊಂದು ಸಂದರ್ಭವನ್ನು ಇಲ್ಲಿ ಹೇಳದೆ ಬಿಡಲಾರೆ, ಏಕೆಂದರೆ ಮುಂಬಯಿ ಮತ್ತು ಪುಣೆಯ ಇಕ್ಕಟ್ಟಾದ ಫ್ಲ್ಯಾಟುಗಳಲ್ಲಿ ಅದು ಜೀವ ತೆಗೆದಿರುವ ಸುದ್ದಿಗಳನ್ನು ತಮ್ಮ ಪತ್ರಿಕೆಯ ಓದುಗರೂ ಓದಿಯೇ ಇರುತ್ತಾರೆ. ಕಿಟಕಿ ಮುಚ್ಚಿದ ಬಾತ್‌ರೂಮಿನ ಒಳಗೇ ಗ್ಯಾಸ್ ಗೀಸರ್ ಹಾಕಿಸಿಕೊಂಡಿರುವವರು ಅನೇಕರು. ಒಳಗಿನ ಆಮ್ಲಜನಕ ಕಡಿಮೆಯಾದಂತೆ ಗ್ಯಾಸು ಅರೆಬರೆಯಾಗಿ ಉರಿದು ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಗಾಳಿಯ ಸಾವಿರ ಪಾಲಿನಲ್ಲಿ ಒಂದೇ ಪಾಲು ಇದ್ದರೂ, ಸಾಕಷ್ಟು ಹೊತ್ತು ಉಸಿರಾಡಿದರೆ ಹಿಮೋಗ್ಲೋಬಿನ್ನಿನ ಅರ್ಧದಷ್ಟನ್ನು ಅದು ಆಕ್ರಮಿಸಿಕೊಳ್ಳಬಲ್ಲದು. ಇದಕ್ಕಿಂತಲೂ ಕೆಟ್ಟ ಸಂಗತಿಯೆಂದರೆ, ನಾಲ್ಕರಲ್ಲಿ ಒಂದೋ ಎರಡೋ ಸ್ಥಾನಗಳಲ್ಲಿ ಮೊನಾಕ್ಸೈಡ್ ಕುಳಿತ ಅಣು ಉಳಿದ ಸ್ಥಾನಗಳ ಆಮ್ಲಜನಕವನ್ನೂ ಅಂಗಾಂಶಗಳಿಗೆ ಸುಲಭವಾಗಿ ಬಿಡುವುದಿಲ್ಲ. ಹಾಗಾಗಿ ರಕ್ತಹೀನತೆಯಿಂದ ಅರ್ಧ ಹಿಮೋಗ್ಲೋಬಿನ್ ಕಳೆದುಕೊಂಡವರು ನಡೆದಾಡಿಕೊಂಡಿರಬಹುದು, ಮೊನಾಕ್ಸೈಡಿನಿಂದ ಅರ್ಧ ಕಳೆದುಕೊಂಡವರು ಪ್ರಜ್ಞೆ ತಪ್ಪಿ ಬೀಳುತ್ತಾರೆ. ಆ ಹೊತ್ತಿನಲ್ಲಿ ಅವರ ಬೆರಳಿಗೆ ಆಕ್ಸಿಮೀಟರ್ ಹಾಕಿದರೆ ಅದು ನಿಶ್ಚಿಂತೆಯಿಂದ 97, 98 ಎಂದು ತೋರಿಸುತ್ತದೆ, ಏಕೆಂದರೆ ಮೊನಾಕ್ಸೈಡ್ ತುಂಬಿದ ಹಿಮೋಗ್ಲೋಬಿನ್ನೂ ಕೆಂಪಗೇ ಇರುತ್ತದೆ ಮತ್ತು ಎರಡೇ ಬಣ್ಣಗಳ ಬೆಳಕಿನಿಂದ ಅಳೆಯುವ ಯಂತ್ರಕ್ಕೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಸ್ನಾನಕ್ಕೆ ಹೋದವರು ಕುಸಿದು ಬಿದ್ದರೆ ಅಂಕಿ ನೋಡುತ್ತ ನಿಲ್ಲದೆ, ಬಾಗಿಲು ಕಿಟಕಿ ತೆರೆದು, ಗ್ಯಾಸು ನಿಲ್ಲಿಸಿ, ಅವರನ್ನು ಹೊರಗಿನ ಗಾಳಿಗೆ ತಂದು ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಗ್ಯಾಸ್ ಗೀಸರಿನ ವಿಷಯವನ್ನು ಬಾಯಿಬಿಟ್ಟು ಹೇಳಬೇಕು. ಸಾಧಾರಣ ಗಾಳಿಯಲ್ಲಿ ರಕ್ತದ ಮೊನಾಕ್ಸೈಡ್ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಹಿಡಿಯುತ್ತದೆ, ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯೊಳಗೆ ಇಳಿಯುತ್ತದೆ. ಉಗುರಿಗೆ ಗಾಢವಾದ ಬಣ್ಣ ಹಚ್ಚಿದ್ದರೆ, ಕೈ ತಣ್ಣಗಿದ್ದರೆ ಕೂಡ ಆಕ್ಸಿಮೀಟರ್ ತಪ್ಪಬಹುದು, ಕಪ್ಪು ಮೈಬಣ್ಣದವರಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಿಸುವ ಸಂಭವವಿದೆ ಎಂಬುದನ್ನು 2020ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಅಧ್ಯಯನ ಮತ್ತೆ ಎತ್ತಿ ತೋರಿಸಿದೆ.

ಈಗ ನಮ್ಮವರ ವಿಷಯ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಅದೇ ವಯಸ್ಸಿನ ಪುರುಷರಲ್ಲಿ ಶೇಕಡಾ 25. ನಾವು ಬದುಕುತ್ತಿರುವ ಮಹಾರಾಷ್ಟ್ರದಲ್ಲಿ ಮಹಿಳೆಯರ ಪಾಲು ಸುಮಾರು 54, ನಾವು ಬಿಟ್ಟುಬಂದ ಕರ್ನಾಟಕದಲ್ಲಿ ಸುಮಾರು 48. ಪುರುಷರಿಗೆ 13, ಗರ್ಭಿಣಿಯರಲ್ಲದ ಮಹಿಳೆಯರಿಗೆ 12, ಗರ್ಭಿಣಿಯರಿಗೆ 11 (ನಡುವಿನ ಮೂರು ತಿಂಗಳಲ್ಲಿ 10.5) ಗ್ರಾಮಿಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ. ಮುಂಜಾನೆ ಎದ್ದು ಮನೆಮಂದಿಗೆಲ್ಲ ಡಬ್ಬಿ ಕಟ್ಟಿ, ಉಳಿದದ್ದನ್ನು ನಿಂತಲ್ಲೇ ತಿಂದು, ಡೊಂಬಿವಲಿಯಿಂದಲೋ ವಸಾಯಿಯಿಂದಲೋ ಗಾಡಿ ಹಿಡಿದು ಕೆಲಸಕ್ಕೆ ಹೋಗುವ ನಮ್ಮ ಹೆಣ್ಣುಮಕ್ಕಳು ಸ್ಟೇಷನ್ನಿನ ಬ್ರಿಡ್ಜಿನ ನಡುವೆ ನಿಂತು ಏದುಸಿರು ಬಿಡುವುದನ್ನು ವಯಸ್ಸಿನ ಮೇಲೋ ತೂಕದ ಮೇಲೋ ಹೊರಿಸಿಬಿಡುತ್ತಾರೆ. ಹೃದಯ ಹೆಚ್ಚು ಬಡಿದು, ಅಂಗಾಂಶಗಳು ಮೀಸಲು ನಿಧಿಯನ್ನು ಬಳಸಿಕೊಂಡು, ಕೊರತೆಯನ್ನು ತಿಂಗಳುಗಟ್ಟಲೆ ಮರೆಮಾಚುವುದರಿಂದ ಅವರಿಗೂ ಅದು ಕಾಯಿಲೆಯೆಂದು ಅನ್ನಿಸುವುದಿಲ್ಲ.

ಈ ಕಾಯಿಲೆಯ ಬಗ್ಗೆ ಜಗತ್ತಿಗೆ ಪಾಠ ಹೇಳಿದ ಊರು ನಮ್ಮ ಮುಂಬಯಿಯೇ ಎಂಬುದು ಇಲ್ಲಿನ ಕನ್ನಡಿಗರಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. 1928ರಲ್ಲಿ ಇಂಗ್ಲೆಂಡಿನಿಂದ ಬಂದ ವೈದ್ಯೆ ಲೂಸಿ ವಿಲ್ಸ್, ಪರೇಲಿನ ಹಾಫ್‌ಕಿನ್ ಸಂಸ್ಥೆಯನ್ನು ನೆಲೆಯಾಗಿಸಿಕೊಂಡು, ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಗರ್ಭಿಣಿಯರಲ್ಲಿ ಕಾಣಿಸುತ್ತಿದ್ದ ತೀವ್ರವಾದ ರಕ್ತಹೀನತೆಯನ್ನು ಅಧ್ಯಯನ ಮಾಡಿದರು. ಅವರ ಊಟದ ಕೊರತೆಯೇ ಕಾರಣವಿರಬೇಕೆಂದು ಊಹಿಸಿ, ಅಂಥದೇ ಆಹಾರವನ್ನು ಕೋತಿಗಳಿಗೆ ಕೊಟ್ಟು ಪರೀಕ್ಷಿಸಿ, ಯೀಸ್ಟಿನ ಸಾರದಿಂದ ಈ ರಕ್ತಹೀನತೆ ಗುಣವಾಗುತ್ತದೆಂದು 1931ರಲ್ಲಿ ಪ್ರಕಟಿಸಿದರು. ಆ ಸಾರದೊಳಗಿನ ವಸ್ತು ಯಾವುದೆಂಬ ಹುಡುಕಾಟ ಮುಂದೆ ಫೋಲಿಕ್ ಆಮ್ಲದವರೆಗೆ ಹೋಯಿತು. ಇಂದು ನಮ್ಮ ಅಂಗನವಾಡಿಗಳಿಂದ ಹಿಡಿದು ನರ್ಸಿಂಗ್ ಹೋಮುಗಳವರೆಗೆ ಗರ್ಭಿಣಿಯರಿಗೆ ಕಬ್ಬಿಣದೊಡನೆ ಕೊಡುವ ಫೋಲಿಕ್ ಆಮ್ಲದ ಮಾತ್ರೆಯ ಬೇರು ಪರೇಲಿನ ಗಿರಣಿ ಕೆಲಸಗಾರ್ತಿಯರ ರಕ್ತದಲ್ಲಿದೆ.

ಹಿಮೋಗ್ಲೋಬಿನ್ ಕಡಿಮೆಯೆಂದ ಕೂಡಲೇ ಬೀಟ್‌ರೂಟ್ ರಸ ಕುಡಿಯಿರಿ, ದಾಳಿಂಬೆ ತಿನ್ನಿರಿ ಎನ್ನುವವರಿದ್ದಾರೆ. ಕೆಂಪಗಿರುವುದೆಲ್ಲ ರಕ್ತವಾಗುವುದಿಲ್ಲ, ಈ ಎರಡರಲ್ಲಿಯೂ ಕಬ್ಬಿಣ ಕಡಿಮೆ. ನಮ್ಮ ಹುರುಳಿ, ಎಳ್ಳು, ಆಳವಿ ಬೀಜ, ಮೀನು, ಮಾಂಸ ಇದಕ್ಕಿಂತ ಎಷ್ಟೋ ಮೇಲು. ಊಟದ ಜೊತೆಗೇ ಚಹಾ ಕುಡಿಯುವ ಅಭ್ಯಾಸ ಸಸ್ಯಾಹಾರದ ಕಬ್ಬಿಣ ರಕ್ತಕ್ಕೆ ಸೇರದಂತೆ ತಡೆಯುತ್ತದೆ, ನಿಂಬೆಹಣ್ಣು ಸೇರುವಂತೆ ಮಾಡುತ್ತದೆ. ಆದರೆ ಕಡಿಮೆಯಾದದ್ದು 7ಕ್ಕೋ 8ಕ್ಕೋ ಇಳಿದಿದ್ದರೆ ಊಟದಿಂದ ಮಾತ್ರ ತುಂಬಿಕೊಳ್ಳಲಾಗದು. ದೇಹದ ಒಟ್ಟು ಕಬ್ಬಿಣವೇ 3–4 ಗ್ರಾಂ, ಅದರಲ್ಲಿ ಮೂರನೇ ಎರಡು ಪಾಲು ಹಿಮೋಗ್ಲೋಬಿನ್ನಿನಲ್ಲಿ. ಊಟದಿಂದ ದಿನಕ್ಕೆ ರಕ್ತಕ್ಕೆ ಸೇರುವುದು ಒಂದೆರಡು ಮಿಲಿಗ್ರಾಂ ಮಾತ್ರ. 120 ದಿನ ಬದುಕಿ ಸತ್ತ ಕೆಂಪು ಕಣಗಳ ಕಬ್ಬಿಣವನ್ನೇ ದೇಹ ಮತ್ತೆ ಮತ್ತೆ ಬಳಸಿಕೊಳ್ಳುತ್ತದೆ. ತಿಂಗಳ ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವವರಲ್ಲಿ ಆ ಲೆಕ್ಕ ತಪ್ಪುತ್ತದೆ, ಆಗ ವೈದ್ಯರು ಹೇಳಿದ ಮಾತ್ರೆಯೇ ಬೇಕು, ಹಿಮೋಗ್ಲೋಬಿನ್ ಸರಿಯಾದ ಮೇಲೂ ಕೆಲವು ತಿಂಗಳು ಮುಂದುವರಿಸಬೇಕು. ಐವತ್ತು ದಾಟಿದ ಗಂಡಸರಲ್ಲಿ ಕಬ್ಬಿಣದ ಕೊರತೆ ಕಂಡರೆ ಹೊಟ್ಟೆಯಲ್ಲಿಯೋ ಕರುಳಿನಲ್ಲಿಯೋ ರಕ್ತ ಸೋರುತ್ತಿದೆಯೇ ಎಂದು ನೋಡದೆ ಟಾನಿಕ್ ಕುಡಿದು ಕುಳಿತುಕೊಳ್ಳಬಾರದು.

ಎಲ್ಲ ರಕ್ತಹೀನತೆಯೂ ಕಬ್ಬಿಣದ ಕೊರತೆಯಲ್ಲ ಎಂಬುದನ್ನೂ ಸೇರಿಸಬೇಕು. ಥಲಸ್ಸೇಮಿಯಾ ಎಂಬ ಆನುವಂಶಿಕ ರೋಗದಲ್ಲಿ ಹಿಮೋಗ್ಲೋಬಿನ್ನಿನ ಸರಪಳಿಗಳು ಸಾಕಷ್ಟು ತಯಾರಾಗುವುದೇ ಇಲ್ಲ. ಅದರ ವಾಹಕರು ಪರೀಕ್ಷೆಯಿಲ್ಲದೆ ವರ್ಷಗಟ್ಟಲೆ ಕಬ್ಬಿಣ ನುಂಗುವುದರಿಂದ ಪ್ರಯೋಜನವಿಲ್ಲ, ಹಾನಿಯೂ ಆಗಬಹುದು. ಕುಡಗೋಲು ಕಣ ರೋಗದಲ್ಲಿ ಬೀಟಾ ಸರಪಳಿಯ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಎಂಬ ಬೇರೊಂದು ಅಮೈನೋ ಆಮ್ಲ ಕುಳಿತಿರುತ್ತದೆ. ಅಷ್ಟೇ ಕಾರಣಕ್ಕೆ ಆಮ್ಲಜನಕ ಬಿಟ್ಟುಕೊಟ್ಟ ಅಣುಗಳು ಒಂದಕ್ಕೊಂದು ಅಂಟಿ, ಕಣವನ್ನೇ ಬಾಗಿಸಿ, ಸಣ್ಣ ರಕ್ತನಾಳಗಳನ್ನು ಕಟ್ಟಿಬಿಡುತ್ತವೆ. ಮುಂಬಯಿಯ ಪಕ್ಕದ ಪಾಲಘರದ ಆದಿವಾಸಿಗಳಲ್ಲಿ ಈ ರೋಗವಿದೆ. ಇದರ ನಿರ್ಮೂಲನಕ್ಕೆ ಕೇಂದ್ರ ಸರಕಾರ 2023ರಲ್ಲಿ ರಾಷ್ಟ್ರೀಯ ಅಭಿಯಾನವನ್ನೂ ಆರಂಭಿಸಿದೆ. ಇಂಥ ರಕ್ತರೋಗಗಳ ಸಂಶೋಧನೆಗೆಂದೇ ಇರುವ ರಾಷ್ಟ್ರೀಯ ಸಂಸ್ಥೆ ಪರೇಲಿನ ಕೆಇಎಂ ಆಸ್ಪತ್ರೆಯ ಆವರಣದಲ್ಲಿದೆ. ಪರೀಕ್ಷೆಯ ಸೌಲಭ್ಯ ಇಷ್ಟು ಹತ್ತಿರವಿರುವ ಊರಿನಲ್ಲಿ ನಾವು ಊಹೆಯ ಮೇಲೆ ಔಷಧ ಕುಡಿಯುವುದು ವಿಚಿತ್ರ.

ಇನ್ನು ನನ್ನ ಬೇಡಿಕೆಗಳು. ಮೊದಲನೆಯದು ತಮ್ಮಲ್ಲಿ: ಆಕ್ಸಿಮೀಟರಿನ ಅಂಕಿ ರಕ್ತಹೀನತೆಯನ್ನು ತೋರಿಸುವುದಿಲ್ಲ ಎಂಬ ತಿದ್ದುಪಡಿಯನ್ನು ಅದೇ ಪುರವಣಿಯಲ್ಲಿ, ಲೇಖನ ಬಂದಷ್ಟೇ ಎದ್ದು ಕಾಣುವ ಜಾಗದಲ್ಲಿ ಪ್ರಕಟಿಸಬೇಕು. ಒಳಪುಟದ ಮೂಲೆಯಲ್ಲಿ ಹಾಕಿದ ತಿದ್ದುಪಡಿಯನ್ನು ಯಾರೂ ಓದುವುದಿಲ್ಲ.

ಎರಡನೆಯದು ಶಿಬಿರಗಳನ್ನು ನಡೆಸುವ ನಮ್ಮ ಸಂಘಗಳಲ್ಲಿ. ರಕ್ತದೊತ್ತಡ, ಸಕ್ಕರೆ, ಆಕ್ಸಿಮೀಟರ್ ಈ ಮೂರು ಮೇಜುಗಳಿಗೆ ನಿಲ್ಲದೆ, ಬೆರಳು ಚುಚ್ಚಿ ಹಿಮೋಗ್ಲೋಬಿನ್ ನೋಡುವ ನಾಲ್ಕನೆಯ ಮೇಜನ್ನು ಹಾಕಬೇಕು. ಅದರ ಖರ್ಚು ಶಾಲು, ಹಾರ, ಫಲಕಗಳ ಖರ್ಚಿಗಿಂತ ಹೆಚ್ಚಾಗದು. ರಕ್ತದಾನ ಶಿಬಿರಗಳನ್ನು ನಡೆಸುವವರಿಗೆ ಇನ್ನೊಂದು ಮಾತು. ದಾನಿಗಳ ಹಿಮೋಗ್ಲೋಬಿನ್ ಕನಿಷ್ಠ 12.5 ಇರಬೇಕೆಂಬ ನಿಯಮವಿರುವುದರಿಂದ, ಉತ್ಸಾಹದಿಂದ ಬಂದ ಎಷ್ಟೋ ಹೆಣ್ಣುಮಕ್ಕಳನ್ನು ನಿಮ್ಮ ರಕ್ತ ಸಾಲದು ಎಂದು ಹೇಳಿ ಬಿಸ್ಕತ್ತು ಕೊಟ್ಟು ಹಿಂದಕ್ಕೆ ಕಳುಹಿಸಲಾಗುತ್ತದೆ. ತಮಗೆ ಈ ತೊಂದರೆ ಇದೆಯೆಂದು ಅವರಿಗೆ ತಿಳಿಯುವುದೇ ಅಂದು, ಆ ಮೇಜಿನ ಮುಂದೆ. ಅವರು ಎದ್ದು ಹೋಗುವ ಮೊದಲು, ಅವರ ಹಿಮೋಗ್ಲೋಬಿನ್ನಿನ ಅಂಕಿಯನ್ನೂ, ಪೂರ್ಣ ರಕ್ತಪರೀಕ್ಷೆ ಮಾಡಿಸಿಕೊಂಡು ವೈದ್ಯರನ್ನು ಕಾಣಬೇಕೆಂಬ ಸೂಚನೆಯನ್ನೂ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆದ ಒಂದು ಚೀಟಿ ಅವರ ಕೈಗೆ ಸಿಗುವಂತೆ ಮಾಡಬೇಕೆಂದು ಸಂಘಗಳ ಪದಾಧಿಕಾರಿಗಳನ್ನು ತಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ಚೀಟಿಯ ಒಕ್ಕಣೆಯನ್ನು ಬರೆದುಕೊಡಲು ನಾನು ಸಿದ್ಧಳಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶರೀರಕ್ರಿಯಾಶಾಸ್ತ್ರ ಅಧ್ಯಾಪಕಿ,
ಡೊಂಬಿವಲಿ ಪೂರ್ವ